ನಳಕ್ಕೆ ಹಚ್ಚಿದ ಮೋಟರು

ಆಗೆಲ್ಲ ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆ ನಳ ಬರುತ್ತಿತ್ತು, ಅಂದರೆ ನಲ್ಲಿಯಲ್ಲಿ ನೀರು. ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ನಳ ಬರುವ ದಿನ ಶಾಲೆಗೂ ಚಕ್ಕರ್, ಸ್ನಾನಕ್ಕೂ ಚಕ್ಕರ್. ಹಂಡೆ, ಬಕೆಟ್ಟು, ಕಡೆಗೆ ಸಾರಿನ ಪಾತೇಲಿಯೂ ಅಂಗಳಕ್ಕೆ ಬರುತ್ತಿತ್ತು. ನಾವು ಹುಡುಗಿಯರು ಕೊಡಗಳ ನಡುವೆಯೇ ಕುಂಟಾಬಿಲ್ಲೆ ಆಡಿ ಬೈಸಿಕೊಳ್ಳುತ್ತಿದ್ದೆವು.

ನಾನು ಐದನೆಯ ಇಯತ್ತೆಯಲ್ಲಿದ್ದ ಬೇಸಿಗೆಯಲ್ಲಿ ಅಪ್ಪ ಒಂದು ಸಣ್ಣ ಮೋಟರು ತಂದು, ಬಚ್ಚಲಲ್ಲಿ ನಳದ ಪೈಪಿಗೇ ನೇರ ಹಚ್ಚಿಸಿ, ಮೇಲೆ ಗೋಣಿಚೀಲ ಹೊದಿಸಿದ. ಸ್ವಿಚ್ಚು ಒತ್ತಿದರೆ ಸಾಕು, ದಾರದಷ್ಟಿದ್ದ ನೀರು ಧೋ ಎಂದು ಬೀಳುತ್ತಿತ್ತು. ಕಾದ ತಂತಿಯ ಕಮಟು ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಅಪ್ಪನಿಗೆ ಭಾರಿ ಹೆಮ್ಮೆ. ಕರೆಂಟಿನ ಬಿಲ್ಲು ಬಂದಾಗ ಮಾತ್ರ ಮುಖ ಹುಳ್ಳಗಾಗುತ್ತಿತ್ತು.

ನಮ್ಮ ಮನೆಯಿಂದ ಇಳಿಜಾರಿಗೆ ಇನ್ನೊಂದೇ ಮನೆ, ಓಣಿಯ ಕೊನೆಯದು. ಅದು ಅಂಗನವಾಡಿ ಟೀಚರ್ ರತ್ನಾ ಕಾಕುವಿನದು. ಮೋಟರು ಬಂದಂದಿನಿಂದ ಅವಳ ನಳ ಬರೀ ಗಾಳಿ ಉಗುಳತೊಡಗಿತು. ಕಾಕು ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾರ, ಅದೇನ್ರಿ ಇಷ್ಟೊತ್ತು ಗುರ್ ಅನ್ನಾಕತ್ತೈತಿ?"

ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಮಿಕ್ಸರ್ ರೀ ಕಾಕು. ಶೇಂಗಾ ಚಟ್ನಿ!"

"ಯವ್ವಾ, ಊರಿಗೆಲ್ಲಾ ಹಂಚತೀರೇನು!" ಎಂದು ಕಾಕು ನಕ್ಕಳು. ಅವ್ವ ಎರಡು ಕೊಡ ತುಂಬಿಸಿ ಕೊಟ್ಟಳು.

"ನಿಮ್ಮ ಹೊಟ್ಟಿ ತಣ್ಣಗಿರಲಿ ಅಕ್ಕಾರ" ಎಂದಳು ಕಾಕು. ಅವಳ ಪಾಲಿನ ನೀರನ್ನೇ ಅವಳಿಗೆ ಕೊಟ್ಟು ಆಶೀರ್ವಾದ ಪಡೆದವರು ನಾವು. ಥೂ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಒಮ್ಮೆ ನಳ ಬಂದ ಹೊತ್ತಿಗೇ ಕರೆಂಟು ಹೋಯಿತು. ಮೋಟರು ನಿಂತು, ನಮ್ಮಲ್ಲಿ ಮತ್ತೆ ದಾರದಷ್ಟೇ ನೀರು. ಸ್ವಲ್ಪ ಹೊತ್ತಿಗೆ ಕಾಕು ತುಂಬಿದ ಕೊಡ ಸೊಂಟದ ಮೇಲಿಟ್ಟು, ಸೀರೆಯೆಲ್ಲ ತೋಯಿಸಿಕೊಂಡು ಬಂದಳು.

"ಅಕ್ಕಾರ, ನಮ್ಮ ನಳ ಇವತ್ತ ಭಾಳ ಛಲೋ ಬರಾಕತ್ತೈತ್ರಿ! ನಿಮಗ ಬಂದಂಗಿಲ್ಲ, ತಗೋರಿ."

ಅವ್ವ ತಡೆಯುವಷ್ಟರಲ್ಲಿ ಅವಳು ಬಚ್ಚಲಿಗೆ ಹೋಗಿ ಹಂಡೆಗೆ ಸುರುವತೊಡಗಿದ್ದಳು. ಅಲ್ಲಿ ಅಪ್ಪ ಚೀಲ ಸರಿಸಿ, ಕರೆಂಟಿನ ದಾರಿ ಕಾಯುತ್ತ ಮೋಟರಿನ ಮುಂದೆ ಕೂತಿದ್ದ. ಕಾಕು ಮೋಟರು ನೋಡಿದಳು, ಪೈಪು ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಸುರುವುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊಡ ಪೂರ್ತಿ ಬರಿದು ಮಾಡಿ, ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಗದಬಿಡ್ರಿ ಅದನ್ನ" ಎಂದು ಅವ್ವ ಅತ್ತಳು.

"ಮ್ಯಾಲಿನ ಓಣ್ಯಾಗ ಎಲ್ಲಾರೂ ಹಚ್ಯಾರ. ನಾ ಒಬ್ಬನ ಹಚ್ಚೇನೇನು?" ಎಂದ ಅಪ್ಪ. ತೆಗೆಯಲಿಲ್ಲ.

ಕಾಕು ಮತ್ತೆ ನೀರು ಕೇಳಲು ಬರಲಿಲ್ಲ. ಬಿಸಿಲಲ್ಲಿ ಕೆಲಗೇರಿ ರಸ್ತೆಯ ಬೋರಿನಿಂದ ಹೊತ್ತು ತರುತ್ತಿದ್ದಳು. ಅವಳು ಹಾದುಹೋಗುವಾಗ ನಾನು ಕಿಟಕಿ ಮುಚ್ಚುತ್ತಿದ್ದೆ.

ಈಗ ಓಣಿಗೆ ಹಗಲೂ ರಾತ್ರಿ ನಳ ಬರುತ್ತದೆ. ಅಮ್ಮಿನಬಾವಿಯ ನೀರಿನ ಘಟಕದಿಂದ ಗುಡ್ಡದ ಟ್ಯಾಂಕಿಗೆ ನೀರು ಏರಿಸಲು ಎಷ್ಟು ಕರೆಂಟು ಸುಡುತ್ತದೆ, ನಳಕ್ಕೆ ಮೋಟರು ಹಚ್ಚಬೇಡಿ ಎಂದು ಪಾಲಿಕೆಯ ಗಾಡಿಯೊಂದು ಕೂಗುತ್ತ ಹೋಗುತ್ತದೆ. ಟ್ಯಾಂಕಿಯಿಂದ ಕೆಳಗೆ ನೀರು ತಾನಾಗಿಯೇ ಇಳಿಯುತ್ತದೆ. ಹಾಗೆ ಇಳಿದು ಕಾಕುವಿನ ಮನೆಗೆ ಹೋಗುತ್ತಿದ್ದ ನೀರನ್ನು ಮತ್ತೆ ಕರೆಂಟು ಸುಟ್ಟು ಎಳೆದುಕೊಂಡೆವಲ್ಲ, ಎಂಥ ಹಲ್ಕಟ್ ಬುದ್ಧಿ!

ಕಾಕು ಸಂತೆಯಲ್ಲಿ ಸಿಗುತ್ತಾಳೆ. "ಆರಾಮ ಅದಿಯೇನವಾ? ಮಕ್ಕಳು ಹ್ಯಾಂಗ ಅದಾರ?" ಎಂದು ಬಾಯ್ತುಂಬ ಕೇಳುತ್ತಾಳೆ. ಆದರೆ ನಮ್ಮೂರಲ್ಲಿ ಗುರುತಿದ್ದವರಿಗೆಲ್ಲ ಹೇಳುವ "ಮನಿಗೆ ಬಾರವಾ" ಎಂಬ ಮಾತನ್ನು ಮಾತ್ರ ಅವಳು ನನಗೆ ಹೇಳುವುದಿಲ್ಲ. ನಾನೂ ಕರೆಯುವುದಿಲ್ಲ; ಕರೆಯಲು ಮುಖ ಬೇಕಲ್ಲ.