ಗಂಗವ್ವನ ಸಾರು ಮತ್ತು ಎರಡು ವಿಚಾರಣೆಗಳು

ಕೋವಿಡ್ ಮುಗಿದು ಶಾಲೆಗಳಲ್ಲಿ ಮತ್ತೆ ಬಿಸಿಯೂಟ ಶುರುವಾದ ವರ್ಷ. ನಾನು ಆಗ ತಾಲೂಕಿನ ಬಿಸಿಯೂಟದ ಮೇಲ್ವಿಚಾರಣೆ ಅಧಿಕಾರಿ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಕಡೆ ನೌಕರಿ ಮಾಡಿದವನು. ಈ ಕಥೆ ನಡೆದ ಹಳ್ಳಿ ಯಾವ ತಾಲೂಕಿನದು ಎಂದು ಮಾತ್ರ ಹೇಳಲಾರೆ. ಹೇಳಿದರೆ ಅದಕ್ಕೂ ಒಂದು ಇಂಕ್ವಾಯರಿ ಬರುತ್ತದೆ.

ಈ ಶಬ್ದದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಇಂಗ್ಲಿಷಿನಲ್ಲಿ ಎನ್‌ಕ್ವೈರಿ, ಇನ್‌ಕ್ವೈರಿ ಎಂದು ಎರಡಿವೆ. ಎರಡರ ಬೇರೂ ಹುಡುಕು, ಕೇಳು ಎಂಬ ಅರ್ಥದ ಒಂದೇ ಲ್ಯಾಟಿನ್ ಕ್ರಿಯಾಪದ. ಮೊದಲನೆಯದು ಫ್ರೆಂಚರ ಬಾಯಿಂದ ಹಾದು ಬಂತು. ಎರಡನೆಯದನ್ನು ಪಂಡಿತರು ಲ್ಯಾಟಿನ್ ರೂಪಕ್ಕೆ ತಿರುಗಿಸಿಕೊಂಡರು. ಅಮೆರಿಕದವರು ಭೇದ ಮಾಡುವುದಿಲ್ಲ. ಬ್ರಿಟಿಷರ ರೂಢಿಯಲ್ಲಿ ಎನ್‌ಕ್ವೈರಿ ಎಂದರೆ ಸುಮ್ಮನೆ ಕೇಳಿ ತಿಳಿಯುವುದು, ಇನ್‌ಕ್ವೈರಿ ಎಂದರೆ ಆರೋಪ, ನೋಟಿಸು, ಸಾಕ್ಷಿ, ತೀರ್ಪು ಎಲ್ಲ ಇರುವ ಔಪಚಾರಿಕ ತನಿಖೆ. ನಮ್ಮ ಕಚೇರಿಗಳಲ್ಲಿ ಎರಡೂ ವಿಚಾರಣೆ, ಹಳ್ಳಿಯಲ್ಲಿ ಎರಡೂ ಇಂಕ್ವಾಯರಿ. ಹೆಸರು ಒಂದಾದರೆ ಆಗಲಿ, ಕೆಲಸವೂ ಒಂದಾಗಬೇಕೆ?

ಆ ಹಳ್ಳಿಯಿಂದ ಒಂದು ದಿನ ಫೋನು ಬಂತು. ಸಾರಿನಲ್ಲಿ ಸೀಮೆಎಣ್ಣೆ ವಾಸನೆ ಇತ್ತಂತೆ, ಮಕ್ಕಳು ಬರೀ ಹಾಲು ಅನ್ನ ಉಂಡು ಎದ್ದರಂತೆ. ಮುಖ್ಯೋಪಾಧ್ಯಾಯರಾದ ನದಾಫ ಮಾಸ್ತರರಿಗೆ, "ಸೋಮವಾರ ಬಂದು ಕೇಳತೇನಿ" ಎಂದೆ. ಅಷ್ಟೇ ಅಂದದ್ದು.

ಸೋಮವಾರ ಜೀಪು ಇಳಿದರೆ ಬೇವಿನ ಮರದ ಕೆಳಗೆ ಕುರ್ಚಿ, ಚಹಾ, ಅರ್ಧ ಊರು. ಶಾಲಾ ಸಮಿತಿಯ ಅಧ್ಯಕ್ಷ ಬಸನಗೌಡರು ಕೈಮುಗಿದು ಖುಷಿಯಿಂದ ಹೇಳಿದರು: "ಅಡಿಗಿ ಗಂಗವ್ವನ್ನ ಕೆಲಸದಿಂದ ಬಿಡಿಸೇವ್ರಿ. ಸಾಹೇಬ್ರು ಇಂಕ್ವಾಯರಿಗೆ ಬರೂದಂದ್ರ ಸುಮ್ನ ಆಕ್ಕೈತೇನ್ರಿ?"

ಬಂದ ಅಧಿಕಾರಿಯನ್ನು ಬರಿಗೈಯಲ್ಲಿ ಕಳಿಸುವುದು ಅವಮರ್ಯಾದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಶಾಲು ಹೊದಿಸುವ ಹಾಗೆ ಒಬ್ಬರ ನೌಕರಿಯನ್ನು ಮೊದಲೇ ತೆಗೆದು ಇಟ್ಟುಕೊಂಡಿರುತ್ತಾರೆ.

"ಆಕಿನ್ನ ಏನಾತು ಅಂತ ಕೇಳೀರೇನ್ರಿ?"

"ನಾವೇನ ಕೇಳೂದ್ರಿ? ಕೇಳಾಕ ನೀವ ಬಂದೀರೆಲ್ಲ."

ತಲೆ ಕೆಟ್ಟುಹೋಯಿತು. ಮಕ್ಕಳನ್ನು ಕೇಳಿದ್ದರು, ತಾಯಂದಿರನ್ನು ಕೇಳಿದ್ದರು, ಶಾಲೆಯ ಎದುರಿನ ಕಿರಾಣಿ ಅಂಗಡಿಯವನನ್ನೂ ಕೇಳಿದ್ದರು; ಗಂಗವ್ವನೊಬ್ಬಳನ್ನು ಮಾತ್ರ ಕೇಳಿರಲಿಲ್ಲ. ಚಹಾ ಬಿಟ್ಟು ಗಂಗವ್ವನ ಮನೆಗೆ ನಡೆದೆ.

ಆಕೆ ಬಾಗಿಲಲ್ಲೇ ನಿಂತು ಮಾತಾಡಿದಳು. "ಸಾಲಿ ಅಡಿಗಿ ಹೋದ್ರ ಹೋಗ್ಲಿರಿ. ಲಗ್ನದ ಮನಿಗೆ ಹೋಳಿಗಿ ಮಾಡಾಕ ಊರೆಲ್ಲಾ ನನ್ನ ಕರೀತಿತ್ತು. ಈಗ ಇಂಕ್ವಾಯರಿ ಆದಾಕಿ ಅಂತ ಬ್ಯಾರೇದಾಕಿಗೆ ವೀಳ್ಯಾ ಕೊಟ್ಟಾರ. ನನ್ನ ಕೈ ಕೆಟ್ಟೈತೇನ್ರಿ?"

"ಅವತ್ತ ಏನಾತವ್ವ?"

ಯಾರೂ ಕೇಳದಿದ್ದ ಆ ಒಂದು ಪ್ರಶ್ನೆಗೆ ಉತ್ತರ ತಯಾರಾಗಿಯೇ ಇತ್ತು. ಶಾಲೆಯ ಗೋಡೆಗೆ ಚಿತ್ರ ಬರೆಯಲು ಬಂದ ಪೇಂಟರ್, ಸಾರಿನ ಪಾತ್ರೆ ತೊಳೆಯುವ ಬಕೆಟ್ಟಿನಲ್ಲೇ ಬಣ್ಣ ತೆಳು ಮಾಡುವ ಥಿನ್ನರ್ ಹಾಕಿ ಬ್ರಶ್ ತೊಳೆದಿದ್ದ. ಸಾರು ಕುದಿಯುವಾಗ ಗಂಗವ್ವನಿಗೇ ಮೊದಲು ವಾಸನೆ ಬಂತು. "ಮಕ್ಕಳ ಹೊಟ್ಟಿಗೆ ಹೋಗಬಾರ್ದಂತ ನಾನ ಚೆಲ್ಲೀನ್ರಿ. ಹಾಲು ಅನ್ನ ನೀಡಿದಾಕಿನೂ ನಾನ."

ಶಾಲೆಗೆ ಬಂದು ಬಕೆಟ್ಟು ಮೂಸಿದೆ. ಇನ್ನೂ ಥಿನ್ನರ್ ನಾರುತ್ತಿತ್ತು. ಪೇಂಟರನ್ನು ಕರೆಸಿದ್ದ ನದಾಫ ಮಾಸ್ತರರು ಹಣೆ ಹಣೆ ಬಡಿದುಕೊಂಡರು. ಮಕ್ಕಳನ್ನು ಕಾಪಾಡಿದವಳನ್ನೇ ಬಿಡಿಸಿದ್ದರು. ನಾಳೆಯಿಂದ ಆಕೆಯೇ ಅಡಿಗೆ ಮಾಡಲಿ ಎಂದೆ.

"ಹಂಗ ಹೆಂಗ್ರಿ ಸಾಹೇಬ್ರ? ಇಂಕ್ವಾಯರಿ ಆಗೇತಿ. ಕ್ಲೀನ್ ಚಿಟ್ ಬೇಕಲ್ರಿ" ಎಂದರು ಗೌಡರು. ನನ್ನ ಮೇಲಿನವರಿಗೆ ಫೋನು ಮಾಡಿದರೆ ಅವರೂ ಅದನ್ನೇ ಹೇಳಿದರು. ಆರೋಪವೇ ಇಲ್ಲದವಳನ್ನು ಯಾವುದರಿಂದ ಬಿಡುಗಡೆ ಮಾಡಲಿ? ಬೇವಿನ ಮರದ ಕೆಳಗೆ ನಿಂತು ಎನ್‌ಕ್ವೈರಿ ಯಾವುದು, ಇನ್‌ಕ್ವೈರಿ ಯಾವುದು ಎಂದು ಗಂಟಲು ಹರಿಯುವಂತೆ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

"ಎಲ್ಲಾ ತಿಳೀತ್ರಿ" ಎಂದರು ಗೌಡರು. "ಕ್ಲೀನ್ ಚಿಟ್ ಯಾವಾಗ ಕೊಡ್ತೀರಿ?"

ಸಾಕಾಯಿತು. "ನಾಳೆ ಗಂಗವ್ವ ಮಾಡ್ತಾಳ, ನಾನು ಇಲ್ಲೇ ಊಟಕ್ಕ ಬರತೇನಿ. ನೀವೂ ನನ್ನ ಬಾಜೂಕ ಕುಂಡ್ರಬೇಕು" ಎಂದೆ. ಜೀಪು ಬಂದದ್ದಕ್ಕೇ ಆಕೆ ತಪ್ಪಿತಸ್ಥೆ ಆಗಿದ್ದರೆ, ಸಾಹೇಬ ಉಂಡದ್ದಕ್ಕೆ ಬಿಡುಗಡೆಯೂ ಆಗಲಿ ಎಂಬುದು ನನ್ನ ಹಟ.

ಮರುದಿನ ನೋಡಲು ಊರೇ ಕೂಡಿತು. ಮಕ್ಕಳ ಸಾಲಿನಲ್ಲಿ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡೆ. ಗೌಡರು ನನ್ನ ತಾಟು ನೋಡಿ ತಾವೂ ಇನ್ನೊಮ್ಮೆ ಹಾಕಿಸಿಕೊಂಡರು. ಆ ವಾರವೇ ಗಂಗವ್ವನಿಗೆ ಲಗ್ನದ ಮನೆಯ ವೀಳ್ಯ ಬಂತಂತೆ. ಚಿಟ್ ಮಾತ್ರ ನಾನು ಇವತ್ತಿಗೂ ಕೊಟ್ಟಿಲ್ಲ.

ನಿವೃತ್ತಿಯ ತನಕ ದೂರು ಬಂದಾಗಲೆಲ್ಲ ಮೊದಲು ಹೋದದ್ದು ದೂರು ಯಾರ ಮೇಲಿತ್ತೋ ಅವರ ಬಾಗಿಲಿಗೆ. ಅದನ್ನು ನನಗೆ ಕಲಿಸಿದ್ದು ಯಾವ ನಿಯಮಾವಳಿಯೂ ಅಲ್ಲ. ಅಂದು ಮೊದಲ ಸೌಟು ಸಾರು ನೀಡಿ, ನನ್ನ ಎದುರೇ ಸೊಂಟಕ್ಕೆ ಕೈಕೊಟ್ಟು ನಿಂತ ಗಂಗವ್ವ.

"ವಾಸನಿ ನೋಡಿ ಉಣ್ರಿ ಸಾಹೇಬ್ರ," ಎಂದಿದ್ದಳು. "ಏನರ ಅನಿಸಿದ್ರ ನಾ ಇಲ್ಲೇ ಅದೇನಿ. ನನ್ನ ಕೇಳ್ರಿ."