ಗಡಿಯಾಚೆಯ ಕೆಸರು

ವಾರವಿಡೀ ಆಸ್ಪತ್ರೆಯಲ್ಲಿ ಮೂಳೆ ನೋಡುವವಳಿಗೆ ರಜೆಯ ದಿನವೂ ಮೂಳೆ ಹುಡುಕಲು ಬಾ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ? ನನ್ನ ಗಂಡನ ಹುಚ್ಚು ಅದು. ಲೀಕ್ಸ್‌ಲಿಪ್‌ನಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕಡೆ ಕೆಲಸ; ಕಣ್ಣಿಗೆ ಕಾಣದಷ್ಟು ಸಣ್ಣದರ ಜೊತೆ ಏಗಿ ಏಗಿ, ಬಿಡುವಾದಾಗ ಅವರಿಗೆ ಕೋಟ್ಯಂತರ ವರ್ಷ ಹಿಂದಿನ ದೈತ್ಯ ಪ್ರಾಣಿಗಳೇ ಬೇಕು. ಲೂಕನ್ನಿನ ನಮ್ಮ ಮನೆಯಲ್ಲಿ ಪಾತ್ರೆಗಿಂತ ಕಲ್ಲು ಹೆಚ್ಚು.

ಹಳೆಯ ಕಾಲದ ಸಮುದ್ರ ಸರೀಸೃಪಗಳ ಮೂಳೆ ಸಿಗುವ ಬೂದು ಮಣ್ಣು ನಾವಿರುವ ಈ ಐರಿಶ್ ದ್ವೀಪದಲ್ಲಿ ಇರುವುದು ಉತ್ತರದ ಕರಾವಳಿಯಲ್ಲಿ. ಅಲ್ಲಿಗೆ ಹೋಗಲು ಗಡಿ ದಾಟಬೇಕು. ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ಯಾಕೆ ಬಂದಿರಿ ಎಂದು ಕೇಳುವವರೇ ಇಲ್ಲ. ಆದರೆ ಆಚೆ ಬದಿ ಬ್ರಿಟನ್ನಿಗೆ ಸೇರಿದ್ದು. ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಬೇರೆ ವೀಸಾ ಬೇಕು. ಅದು ನಮ್ಮ ಬಳಿ ಇರಲಿಲ್ಲ. ಸಾಲದ್ದಕ್ಕೆ ಐರಿಶ್ ಪೌರತ್ವಕ್ಕೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿದ್ದೆವು.

"ಎಲ್ರೂ ಹೋಗ್ಬರ್ತಾರೆ ಕಣೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಗ್ರ್ಯಾಂಡ್ ಆಗಿರುತ್ತೆ," ಎಂದರು, ಎಲ್ಲದಕ್ಕೂ ಗ್ರ್ಯಾಂಡ್ ಎನ್ನುವ ಇಲ್ಲಿಯವರ ಧಾಟಿಯಲ್ಲಿ.

"ಸಿಕ್ಕಾಕ್ಕೊಂಡ್ರೆ ಗ್ರ್ಯಾಂಡಾಗೇ ಊರಿಗೆ ಕಳಿಸ್ತಾರೆ," ಎಂದೆ. ಹಾಗೆಂದವಳು ಚಿತ್ರಾನ್ನ ಕಟ್ಟಿಕೊಂಡು ಹೊರಟೂ ಬಿಟ್ಟೆ. ಗಡಿ ದಾಟಿದ ಮೇಲೆ ಹಿಂದೆ ಬರುವ ಪ್ರತಿ ಕಾರೂ ಪೊಲೀಸರದೇ ಅನಿಸುತ್ತಿತ್ತು.

ಒಂದು ಹೊಳೆ ಸಮುದ್ರಕ್ಕೆ ಸೇರುವ ಜಾಗ. ಇಳಿತದ ಹೊತ್ತು, ನೀರು ಹಿಂದೆ ಸರಿದು ಬರೀ ಕೆಸರು ಹೊಳೆಯುತ್ತಿತ್ತು. ಅವರು ದಡದಲ್ಲಿ ಕೂತು ಕಲ್ಲು ತಿರುವಿ ಹಾಕುತ್ತಿದ್ದರು. ಕಂಡದ್ದು ಮಾತ್ರ ನನಗೆ. ತೂತು ಮಾಡುವುದನ್ನು ಮರೆತ ಉದ್ದಿನ ವಡೆಯಂಥ ಒಂದು ಕಪ್ಪು ಬಿಲ್ಲೆ, ನಡುವೆ ಗುಳಿ. ಬೆನ್ನುಮೂಳೆಯ ತುಂಡು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ವರ್ಷ ಹುಡುಕಿದವರಿಗಿಂತ ಮೊದಲು ನನಗೇ ಸಿಕ್ಕಿತು ಎಂಬ ಜಂಬದಲ್ಲಿ ಸೀದಾ ಕೆಸರಿಗೆ ಇಳಿದೆ.

ಬಿಲ್ಲೆ ಕೈಗೆ ಬಂತು. ಕಾಲು ಬರಲಿಲ್ಲ. ಒಂದನ್ನು ಎಳೆದರೆ ಇನ್ನೊಂದು ಇಳಿಯುತ್ತಿತ್ತು. ಮೊಣಕಾಲು ದಾಟಿ ತೊಡೆಯವರೆಗೆ ಹೂತುಹೋದೆ. ಕಿರುಚಿದೆ. ಅವರು ಓಡಿ ಬಂದು, ಗಟ್ಟಿ ನೆಲದ ಅಂಚಿನಲ್ಲಿ ಬೋರಲು ಮಲಗಿ ತಮ್ಮ ಜಾಕೆಟ್ ಎಸೆದು ಎಳೆದರು. ನನ್ನ ತೋಳು ಕಿತ್ತುಬರುವಷ್ಟು ನೋವಾಯಿತೇ ಹೊರತು ಕಾಲು ಅಲುಗಲಿಲ್ಲ. ಅಷ್ಟರಲ್ಲಿ ಸಮುದ್ರದ ನೀರು ಸದ್ದಿಲ್ಲದೆ ತಿರುಗಿ ಬರತೊಡಗಿತ್ತು.

ಅವರು ಫೋನ್ ತೆಗೆದರು. "ಫೋನ್ ಮಾಡ್ಲಾ?"

"ಬೇಡ ರೀ! ಪೊಲೀಸ್ರು ಬರ್ತಾರೆ, ಪಾಸ್‌ಪೋರ್ಟ್ ಕೇಳ್ತಾರೆ. ಎಲ್ಲಾ ಹೋಗ್ಬಿಡುತ್ತೆ. ಇನ್ನೊಂದ್ಸಲ ಎಳೀರಿ."

ಅವರು ಫೋನನ್ನೊಮ್ಮೆ, ನೀರನ್ನೊಮ್ಮೆ ನೋಡಿದರು. ಮತ್ತೆ ಎಳೆದರು. ನೀರು ನನ್ನ ಸೊಂಟ ಮುಟ್ಟಿತು. ತಣ್ಣೀರಿನಲ್ಲಿ ಮೈ ಯಾವ ಕ್ರಮದಲ್ಲಿ ಸೋಲುತ್ತದೆ ಎಂದು ಓದಿ ಪಾಸಾದವಳು ನಾನು. ಮೊದಲು ಬೆರಳು, ಆಮೇಲೆ ಮಾತು. ಬೆರಳು ಆಗಲೇ ಹೋಗಿದ್ದವು. ಬಿಲ್ಲೆ ಯಾವಾಗ ಜಾರಿತೋ ತಿಳಿಯಲಿಲ್ಲ. ಸಾಯುತ್ತೇನೆ ಅನಿಸಿತು. ಇಲ್ಲಿ ಸತ್ತರೆ ಹೆಣಕ್ಕೂ ವೀಸಾ ಕೇಳುತ್ತಾರೇನೋ ಎಂಬ ಹುಚ್ಚು ಯೋಚನೆಯೂ ಬಂತು. ಮನೆದೇವರನ್ನು ಕೂಗಿ ಅತ್ತೆ. ಅವರು ಎದ್ದು ದಡದ ಮೇಲಕ್ಕೆ ಓಡಿದರು. ಅಲ್ಲಿ ನಾಯಿ ಹಿಡಿದ ಒಬ್ಬ ಅಜ್ಜಿ ಕೈ ಬೀಸುತ್ತಿದ್ದರು.

ರಕ್ಷಣೆಯವರು ಬಂದಾಗ ನೀರು ಎದೆಯ ಹತ್ತಿರವಿತ್ತು. ಹಲಗೆ ಹಾಸಿ, ಪೈಪನ್ನು ಕಾಲಿನ ಪಕ್ಕ ಇಳಿಸಿ, ನೀರು ಹಾಯಿಸಿ ಕೆಸರು ಸಡಿಲಿಸಿದರು. ಹೊರಗೆಳೆದು ಕಂಬಳಿ ಹೊದಿಸಿದವನು ಅಕ್ಕರೆಯಿಂದ, ಎಲ್ಲಿಂದ ಬಂದಿರಿ ಎಂದು ಕೇಳಿದ. ನಾನು ಬಾಯಿ ಬಿಡಲಿಲ್ಲ. ಚಳಿಗೆ ಮಾತು ನಿಂತಿದೆ ಎಂದುಕೊಂಡು ಬಿಸಿ ಚಹಾ ಕೊಟ್ಟ. ಆಸ್ಪತ್ರೆಗೆ ಬನ್ನಿ ಎಂದಾಗ ಮಾತ್ರ ಹೇಗೋ, ನಾನೇ ಡಾಕ್ಟರ್ ಎಂದು ತೊದಲಿದೆ. ಪಾಸ್‌ಪೋರ್ಟನ್ನು ಯಾರೂ ಕೇಳಲಿಲ್ಲ.

ವಾಪಸು ಬರುವಾಗ ರಸ್ತೆಯ ಫಲಕಗಳಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂತು. ಗಡಿ ದಾಟಿದೆವು ಎಂದು ತಿಳಿಯುವುದು ಹಾಗೆಯೇ. ಅವರು ಕಾರನ್ನು ಬದಿಗೆ ನಿಲ್ಲಿಸಿದರು.

"ಫೋನ್ ಮಾಡಿದ್ದು ನಾನಲ್ಲ. ಆ ಅಜ್ಜಿ. ನಾನು ಹೋಗೋಷ್ಟರಲ್ಲಿ ಅವರೇ ಮಾಡಿದ್ರು," ಎಂದರು. ಸ್ಟೀರಿಂಗ್ ಬಿಡದೆ ಅಳುತ್ತಿದ್ದರು. "ನೀನು ಬೇಡ ಅಂದಾಗ, ಅರ್ಜಿ ಉಳೀತು ಅಂತ ನಂಗೆ ಸಮಾಧಾನ ಆಯ್ತು ಕಣೆ."

ನಾನು ಬೇಡ ಅಂದದ್ದು, ಅವರು ನನ್ನ ಮಾತು ಕೇಳದೆ ಫೋನ್ ಮಾಡೇ ಮಾಡುತ್ತಾರೆ ಎಂಬ ಧೈರ್ಯದ ಮೇಲೆ.