ಅತ್ತೆ ನೆಲಕ್ಕಿಟ್ಟ ಚಾಕು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ತುಂಬ ಚಾಕುವಿನ ಗೆರೆಗಳಿದ್ದವು. ಅಡ್ಡ, ಉದ್ದ, ಒಂದರ ಮೇಲೊಂದು. ಹುಟ್ಟಿನಿಂದ ಬಂದ ರೇಖೆಗಳೆಲ್ಲ ಅವುಗಳ ಅಡಿಯಲ್ಲಿ ಅಳಿಸಿಹೋಗಿದ್ದವು. ರೇಶನ್ ಅಂಗಡಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಬಂದಾಗ ಅದು ಅತ್ತೆಯನ್ನು ಯಾರೆಂದು ಗುರುತಿಸಲೇ ಇಲ್ಲ. ಸೆರಗಿಗೆ ಒರೆಸಿ ಒತ್ತಿದಳು, ಎಣ್ಣೆ ಹಚ್ಚಿ ಒತ್ತಿದಳು, ಊಹೂಂ. ಸಾಲಿನಲ್ಲಿದ್ದವರು ಗೊಣಗತೊಡಗಿದಾಗ ಅತ್ತೆ ಅಂಗಡಿಯವನಿಗೆ, "ಈ ಹೆಬ್ಬಟ್ಟನ್ನ ಸುತ್ತೂ ಊರಿನ ಗಿಡಾ ಎಲ್ಲಾ ಗುರ್ತು ಹಿಡಿತಾವ. ನಿನ್ನ ಮಶೀನಿಗೆ ಕಣ್ಣು ಮಂಜಾಗ್ಯಾವ ನೋಡು, ಡಾಕ್ಟರಿಗೆ ತೋರಸು" ಎಂದಳು. ಕಡೆಗೆ ಎಡಗೈಯ ಉಂಗುರದ ಬೆರಳು ನಡೆಯಿತು, ಅಕ್ಕಿ ಸಿಕ್ಕಿತು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅವಳನ್ನು ಕೊಟ್ಟದ್ದು ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಗೆ. ಗಿಡಗಳಿಗೆ ಕಸಿ ಕಟ್ಟುವುದು ಅವಳ ಕಸುಬು. ಆ ವಿದ್ಯೆ ಅವಳ ಮಾವನದು. ಆತನ ಮಕ್ಕಳಿಗೆ ಗಿಡದ ಮುಂದೆ ಕೂರುವ ತಾಳ್ಮೆ ಇರಲಿಲ್ಲ, ಸೊಸೆಗಿತ್ತು. ಬದುವಿನ ಮೇಲೆ ತಾನಾಗಿ ಬೆಳೆದ ಕಾಡು ಬಾರಿ, ಅಂದರೆ ಎಲಚಿ ಗಿಡಕ್ಕೆ ಒಳ್ಳೆಯ ಜಾತಿಯ ಬಾರಿಹಣ್ಣಿನ ಮೊಗ್ಗನ್ನು ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತೊಗಟೆಯನ್ನು ಸೀಳಿ, ಅದರ ಸಂದಿಯಲ್ಲಿ ಮೊಗ್ಗು ಕೂರಿಸಿ, ಪಟ್ಟಿ ಸುತ್ತಿ, "ಕೂತ್ಕೋ ಯವ್ವಾ, ಇನ್ನ ಇದ ನಿನ್ನ ಮನಿ" ಎಂದು ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದಳು. ಮಳೆಗಾಲ ಬಂತೆಂದರೆ ಶಿರಹಟ್ಟಿ, ಮುಂಡರಗಿ, ಗದಗ ಎಂದು ಬಸ್ಸಿನಲ್ಲೇ ಅವಳ ಸಂಸಾರ.

ಚಾಕು ಇರುತ್ತಿದ್ದುದು ಸೊಂಟಕ್ಕೆ ಸಿಕ್ಕಿಸಿದ ಸಂಚಿಯಲ್ಲಿ, ಎಲೆ ಅಡಿಕೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ. ಕೊಂಬಿನ ಹಿಡಿ, ಮಡಚುವ ಅಲಗು, ತೆರೆದರೆ ಎರಡೂವರೆ ಇಂಚು. ಅದನ್ನು ಇಟ್ಟುಕೊಂಡು ತಿರುಗುವುದಕ್ಕೆ ಅವಳದೇ ಒಂದು ಕಾಯ್ದೆ ಇತ್ತು; ಸರಕಾರದ ಕಾಯ್ದೆಗಿಂತ ಬಿಗಿಯಾದದ್ದು. ಗಿಡದ ಮುಂದೆ ಬಿಟ್ಟರೆ ಬೇರೆಲ್ಲೂ ಅದು ಬಾಯಿ ತೆರೆಯಬಾರದು. ಒಮ್ಮೆ ಮುಂಡರಗಿ ಬಸ್ಸಿನಲ್ಲಿ ಪಕ್ಕದವನೊಬ್ಬ ಪೇರಲಹಣ್ಣು ಹೆಚ್ಚಲು ಚಾಕು ಕೇಳಿದ. "ತಮ್ಮಾ, ದೇವ್ರು ಹಲ್ಲು ಕೊಟ್ಟಾನ, ಕಡಕೊಂಡು ತಿನ್ನು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸು ಪೂರ್ತಿ ನಕ್ಕಿತು, ಅವಳೊಬ್ಬಳನ್ನು ಬಿಟ್ಟು. ನನ್ನ ಮದುವೆಯ ಮಾತುಕತೆಯ ದಿನ ಮನೆಯಲ್ಲಿ ಈಳಿಗೆಮಣೆ ಸಿಗದೆ ಅವ್ವ ಕೇಳಿದಾಗಲೂ ಕೊಡಲಿಲ್ಲ. ಅವ್ವ ಆ ಸಿಟ್ಟನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಳು. ಮದುವೆ ಅಲ್ಲಿಗೇ ನಿಂತಿತು, ಅದಕ್ಕೂ ಚಾಕುವಿಗೂ ಸಂಬಂಧವಿರಲಿಲ್ಲ.

ಅಂಥವಳ ಮೇಲೆ ಚಾಕುವಿನ ಕೇಸು ಬಿತ್ತು.

ಗಣಪತಿ ಕಳಿಸುವ ದಿನಗಳು. ಊರಿನ ಹೆಸರು ಹೇಳುವುದಿಲ್ಲ, ನಮ್ಮ ಸುತ್ತಲಿನ ಊರುಗಳಲ್ಲೇ ಒಂದು. ಆಯುಧ ಹಿಡಿದು ಸಾರ್ವಜನಿಕರ ನಡುವೆ ತಿರುಗಬಾರದೆಂದು ಆಜ್ಞೆ ಹೊರಟಿತ್ತು, ಬಸ್ ನಿಲ್ದಾಣದಲ್ಲಿ ಚೀಲಗಳನ್ನು ತಪಾಸಣೆ ಮಾಡುತ್ತಿದ್ದರು. ಮೈಸೂರು ಕಡೆಯಿಂದ ಹೊಸದಾಗಿ ಬಂದ ಒಬ್ಬ ಎಳೆಯ ಪೊಲೀಸಪ್ಪ ಅತ್ತೆಯನ್ನು ನಿಲ್ಲಿಸಿ, ಸಂಚಿಯಲ್ಲಿ ಏನಿದೆ ಎಂದು ಕೇಳಿದ.

"ಎಲಿ, ಅಡಿಕಿ, ಸುಣ್ಣ, ಕಸಿ ಚಾಕು."

"ಚಾಕುನಾ? ಕೊಡಿ ಇಲ್ಲಿ."

ನಮ್ಮ ಕಡೆ ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಹತ್ತುತ್ತದೆಂಬ ನಂಬಿಕೆ. ಕೊಡುವವರು ಕೆಳಗಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅತ್ತೆ ಮಡಚಿದ ಚಾಕು ತೆಗೆದು, ಬಾಗಿ, ಅವನ ಬೂಟಿನ ಮುಂದೆ ನೆಲಕ್ಕಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅಷ್ಟರಲ್ಲಿ ಅವನು ಇನ್ಯಾರನ್ನೋ ಗದರಿಸಲು ಆ ಕಡೆ ತಿರುಗಿದ್ದ. ಬಸ್ಸಿಗೆ ಓಡುತ್ತಿದ್ದ ಯಾರದೋ ಕಾಲು ತಾಗಿ ಚಾಕು ಜಾರಿ ಬೆಂಚಿನ ಕೆಳಗೆ ಹೋಯಿತು. ಅವನು ಈ ಕಡೆ ತಿರುಗುವ ಹೊತ್ತಿಗೆ ಕಂಡದ್ದು ಬರಿಗೈಯ ಅತ್ತೆ ಮತ್ತು ದೂರದಲ್ಲಿ ಬಿದ್ದ ಚಾಕು.

"ಎತ್ತಿಕೊಳ್ರಿ" ಎಂದಳು ಅತ್ತೆ, ಮರ್ಯಾದೆಯಿಂದಲೇ.

"ಪೊಲೀಸ್ ಕಂಡ ತಕ್ಷಣ ಬಿಸಾಕಿ, ನನಗೇ ಎತ್ಕೋ ಅಂತೀರಾ?"

"ಒಗದಿಲ್ರಿ ಸಾಹೇಬ್ರ, ಇಟ್ಟೀನಿ."

ಠಾಣೆಯಲ್ಲೂ ಅದನ್ನೇ ಹೇಳಿದಳು. ಅಷ್ಟು ಗಣಪತಿಗಳ ಗದ್ದಲದಲ್ಲಿ ಅವಳ ಮಾತನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಪೊಲೀಸರನ್ನು ಕಂಡು ಚಾಕು ಎಸೆದು ತಪ್ಪಿಸಿಕೊಳ್ಳಲು ಯತ್ನಿಸಿದರೆಂದು ಪಂಚನಾಮೆಯಾಯಿತು. ಚಾಕು ಲಕೋಟೆಗೆ ಹೋಗಿ ಅರಗಿನ ಸೀಲು ಹಾಕಿಸಿಕೊಂಡಿತು. ಅತ್ತೆ ಸಂಜೆಯೇ ಜಾಮೀನಿನ ಮೇಲೆ ಹೊರಗೆ ಬಂದಳು.

ಆಗ ನಾನು ಲಕ್ಷ್ಮೇಶ್ವರದ ಒಬ್ಬ ಹಿರಿಯ ವಕೀಲರ ಕೈಕೆಳಗಿದ್ದೆ. ಕರಿ ಕೋಟು ಹಾಕಿಕೊಂಡು ಮೂರು ವರ್ಷವಾಗಿತ್ತು. ಮೂರು ವರ್ಷವೂ ಅವರ ಫೈಲುಗಳನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಓಡಾಡಿದ್ದೆನೇ ಹೊರತು ಕೋರ್ಟಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಎದ್ದು ನಿಂತರೆ ಓದಿದ್ದೆಲ್ಲ ಮರೆತುಹೋಗುತ್ತಿತ್ತು. ಈ ಕೇಸು ಬಂದಾಗ ವಕೀಲರು ನನಗೆ, "ನಿಮ್ಮ ಅತ್ತೀದು ನೀನ ನೋಡ್ಕೋ ಯವ್ವಾ. ತಪ್ಪಾತು ಅಂತ ಒಪ್ಪಿಸಿ ಸಣ್ಣ ದಂಡ ಕಟ್ಟಿಸಿಬಿಡು, ಒಂದು ತಾಸಿನ ಕೆಲಸ" ಎಂದರು. ನನಗೂ ಅದೇ ಬೇಕಿತ್ತು. ಮಾತಾಡುವುದು ತಪ್ಪುತ್ತಿತ್ತಲ್ಲ.

"ಅತ್ತಿ, ಒಪ್ಪಿಕೊಂಡುಬಿಡು. ಮಧ್ಯಾಹ್ನದ ಬಸ್ಸಿಗೆ ಊರು ಮುಟ್ಟತಿ" ಎಂದೆ.

"ಏನಂತ ಒಪ್ಪಿಕೊಳ್ಳಲಿ?"

"ಚಾಕು ಒಗದೆ ಅಂತ."

"ಗಂಡಸರು ಹೊಲಕ್ಕ ಹೋದಾಗ ಬರೇ ಹೆಣ್ಮಕ್ಕಳಷ್ಟ ಇರೋ ಮನಿ ಹಿತ್ತಲಕ್ಕ ಚಾಕು ತಗೊಂಡು ಹೋಗಾಕಿ ನಾನು. ಪೊಲೀಸರ್ನ ಕಂಡು ಚಾಕು ಒಗದಾಕಿ ಅಂತ ಕಾಗದದಾಗ ಬರದ್ರ ನನ್ನ ಯಾರು ಒಳಗ ಕರೀತಾರ, ಹೇಳು?"

ಅವಳು ಹೆದರಿದ್ದು ಅದಾಗಲೇ ನಡೆಯುತ್ತಿತ್ತು. ಬೇರೆ ಚಾಕು ಕೊಂಡು ಕೆಲಸಕ್ಕೆ ಹೊರಟಿದ್ದಳು. ಶಿರಹಟ್ಟಿಯಲ್ಲಿ ಹಿತ್ತಲ ಬಾಗಿಲಿನಿಂದಲೇ ಒಳಗೆ ಕರೆದು ಚಹಾ ಕೊಡುತ್ತಿದ್ದ ಮನೆಯೊಂದರ ಯಜಮಾನಿ ಅಂದು ಕಿಟಕಿಯಿಂದಲೇ, "ಮನ್ಯಾಗ ಯಾರೂ ಇಲ್ರಿ, ಮತ್ತ ಬರ್ರಿ" ಎಂದಿದ್ದಳು. ನಾನೂ ಅಂದು ಜೊತೆಗಿದ್ದೆ. ಆ ಹಿತ್ತಲಿನ ನಿಂಬೆ, ಚಿಕ್ಕು ಎಲ್ಲ ಅತ್ತೆಯ ಕೈಯವೇ, ಕಾಂಪೌಂಡಿನ ಆಚೆ ಕಾಣುತ್ತಿದ್ದವು. ಅತ್ತೆ ಬಸ್ ನಿಲ್ದಾಣದವರೆಗೆ ನಡೆದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಆ ಸಿಟ್ಟಿನಲ್ಲಿ ಕಾಯ್ದೆ ಪುಸ್ತಕ ತೆಗೆದು ಕುಳಿತೆ. ಒಂಬತ್ತು ಇಂಚಿಗಿಂತ ಉದ್ದ ಇಲ್ಲವೇ ಎರಡು ಇಂಚಿಗಿಂತ ಅಗಲದ ಅಲಗು ಇದ್ದರೆ ಮಾತ್ರ ಆಯುಧದ ಕಾಯ್ದೆ ಅದನ್ನು ಕೇಳುತ್ತದೆ. ಅದರಲ್ಲೂ ಮನೆಗೆಲಸದ, ಒಕ್ಕಲುತನದ ಸಲಕರಣೆಗೆ ವಿನಾಯಿತಿ. ಕುಣಿದುಕೊಂಡು ಅಡರಕಟ್ಟಿಗೆ ಹೋಗಿ, "ಅತ್ತಿ, ಕಾಯ್ದೆ ನಿನ್ನ ಕಡೆ ಐತಿ! ಅಳತಿ ತೋರಿಸಿದ್ರ ಮುಗೀತು" ಎಂದೆ.

"ಅಳತಿ ತೋರಿಸಿ ಬಿಡಿಸಿದ್ರ ಮಂದಿ ಏನಂತಾರ? ಒಗದಿದ್ದು ಖರೆ, ಚಾಕು ಸಣ್ಣದಿತ್ತು ಅಂತ ಬಿಟ್ರು ಅಂತಾರ. ನಾ ಒಗದಿಲ್ಲ ಅನ್ನೂದು ಬರಸು."

ಮೂರು ವರ್ಷ ಓದಿದ ಕಾಯ್ದೆಯಲ್ಲಿ ಇಂಥದಕ್ಕೆ ಕಲಮು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. ಸಾಕ್ಷಿಗಳಿಲ್ಲ. ಚಾಕುವಿಗೆ ಕಾಲು ತಾಗಿಸಿದವನು ಯಾರೋ, ಯಾವ ಬಸ್ಸು ಹತ್ತಿದನೋ. ಸಂಪ್ರದಾಯ ಎಂದರೆ ಸರಕಾರಿ ವಕೀಲರು ನಗುತ್ತಾರೆ. ತಾರೀಖಿನ ಮೇಲೆ ತಾರೀಖು ಬಿದ್ದು ಮುಂದಿನ ಮಳೆಗಾಲವೂ ಬಂತು. ಅತ್ತೆ ಪ್ರತಿ ಸಲವೂ ಬೆಳಗಿನ ಬಸ್ಸಿಗೆ ಬಂದು, ಕೋರ್ಟಿನ ಬಾಗಿಲ ಹತ್ತಿರದ ಬೆಂಚಿನ ಮೇಲೆ ಎಲೆ ಹಾಕಿಕೊಂಡು ಕೂರುತ್ತಿದ್ದಳು. ಪಾಪ, ಬೇಸರ ಎಂದುಕೊಳ್ಳುತ್ತಿದ್ದೆ.

ಪೊಲೀಸಪ್ಪನ ಸಾಕ್ಷಿಯ ದಿನ ಅತ್ತೆ ನನ್ನ ಕೋಟಿನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಇವತ್ತ ಆ ಚಾಕು ಹೊರಗ ತೆಗಿಸು. ಸಾಕ್ಷಿಗೆ ಕೊಟ್ಟು ಗುರ್ತು ಹಿಡಸ್ರಿ ಅನ್ನು. ಆಮ್ಯಾಲೆ ಸುಮ್ಮನ ನಿಂತು ನೋಡು."

"ಯಾಕ ಅತ್ತಿ?"

"ನೋಡು ಅಂದ್ನೆಲ್ಲ."

ಎದ್ದು ನಿಂತೆ. ಮುದ್ದೆಮಾಲನ್ನು, ಅಂದರೆ ಜಪ್ತಾದ ಚಾಕುವನ್ನು, ಸಾಕ್ಷಿಗೆ ತೋರಿಸಬೇಕೆಂದು ಕೇಳಿಕೊಂಡೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. ನ್ಯಾಯಾಧೀಶರು ತಲೆಯಾಡಿಸಿದರು. ಜವಾನ ಬೆಟಗೇರಿ ಕಡೆಯ ವಯಸ್ಸಾದ ಮನುಷ್ಯ. ಸೀಲು ಒಡೆದು ಚಾಕು ತೆಗೆದು, ಕಟಕಟೆಯಲ್ಲಿ ನಿಂತ ಪೊಲೀಸಪ್ಪ ಚಾಚಿದ ಕೈಯನ್ನು ನೋಡಿಯೂ ನೋಡದಂತೆ, ಅದನ್ನು ಕಟಕಟೆಯ ಅಂಚಿನ ಮೇಲಿಟ್ಟು ಹಿಂದೆ ಸರಿದು ನಿಂತ.

ಆಗ ಹೊಳೆಯಿತು ನನಗೆ. ನನ್ನ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. "ಸ್ವಾಮಿ, ಇದೀಗ ನಡೆದದ್ದನ್ನು ನ್ಯಾಯಾಲಯ ಗಮನಿಸಬೇಕು" ಎಂದೆ, ಗೋಡೆ ಮುಟ್ಟುವಂತೆ.

ನ್ಯಾಯಾಧೀಶರು ಜವಾನನನ್ನು ಕೇಳಿದರು: "ಅವರ ಕೈಗೇಕೆ ಕೊಡಲಿಲ್ಲ?"

ಆತ ತಬ್ಬಿಬ್ಬಾದ. "ಚಾಕು ಕೈಯಾಗ ಕೊಡೂದಿಲ್ರಿ ಸಾಹೇಬ್ರ. ಜಗಳ ಆಗತೈತಿ. ನಮ್ಮ ಕಡೆ ಇಡ್ತೀವ್ರಿ, ಅವ್ರು ತಗೋತಾರ್ರಿ."

ನಾನು ಪೊಲೀಸಪ್ಪನ ಕಡೆ ತಿರುಗಿದೆ. ಆಕೆ ಎಸೆಯುವುದನ್ನು ನೀವು ಕಣ್ಣಾರೆ ನೋಡಿದಿರಾ ಎಂದು ಕೇಳಿದೆ. ಅವನು ಕಟಕಟೆಯ ಅಂಚಿನ ಮೇಲಿನ ಚಾಕುವನ್ನು ನೋಡಿದ. ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು. ಹೇಳಲಿಲ್ಲ. "ಇಲ್ಲ. ನಾನು ತಿರುಗಿದಾಗ ಚಾಕು ಕೆಳಗಿತ್ತು. ಇಟ್ಟಿದೀನಿ ಅಂತ ಅವರು ಅಂದ್ರು. ನಾನೇ ಎಸೆದರು ಅಂದ್ಕೊಂಡೆ" ಎಂದ.

ಹೊರಗೆ ಬಂದ ಮೇಲೆ ಅತ್ತೆಯನ್ನು ಹಿಡಿದು ಕೇಳಿದೆ, ಜವಾನ ಹಾಗೆ ಮಾಡುತ್ತಾನೆಂದು ನಿನಗೆ ಹೇಗೆ ಗೊತ್ತಿತ್ತು?

"ಇಷ್ಟ ತಾರೀಖು ಬಾಗಿಲದಾಗ ಸುಮ್ಮನ ಎಲಿ ಅಗಿಕೊಂತ ಕುಂತಿದ್ದೆ ಅಂತ ತಿಳದೀಯೇನು? ಆಂವ ಗುಮಾಸ್ತರಿಗೆ ಕತ್ರಿ ಹೆಂಗ ಕೊಡ್ತಾನ ನೋಡಿದ್ದೆ."

ತೀರ್ಪು ಬಂದಾಗ ಅದರಲ್ಲಿ ಅಲಗಿನ ಅಳತೆಯೂ ಇತ್ತು, ಒಕ್ಕಲುತನದ ಸಲಕರಣೆ ಎಂಬುದೂ ಇತ್ತು. ಅದರ ಕೆಳಗೆ, ಆರೋಪಿತೆಯು ಚಾಕುವನ್ನು ಎಸೆದಿಲ್ಲ, ರೂಢಿಯಂತೆ ನೆಲಕ್ಕಿಟ್ಟಿದ್ದಾರೆ ಎಂಬ ಒಂದು ಸಾಲು. ಆ ಸಾಲನ್ನು ಅತ್ತೆ ನನ್ನಿಂದ ಮೂರು ಸಲ ಓದಿಸಿದಳು. ಎದೆ ಉಬ್ಬಿಸಿಕೊಂಡು ಓದಿದೆ. ಆಮೇಲೆ ಅದರ ಝೆರಾಕ್ಸ್ ಪ್ರತಿ ಅವಳ ಸಂಚಿ ಸೇರಿತು. ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಕಲಿಯುವ ಹುಡುಗರಿಗೆ ಕಸಿ ತೋರಿಸಲು ಕರೆದಾಗ, ಗೇಟಿನವನು ಕೇಳುವ ಮೊದಲೇ ಸುಣ್ಣದ ಕಲೆಯಾದ ಆ ಕಾಗದವನ್ನು ಬಿಚ್ಚಿ ಹಿಡಿದು, "ಮೊದಲ ಇದನ್ನ ಓದ್ರಿ" ಎಂದಳಂತೆ. ಪೊಲೀಸಪ್ಪನ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. "ತಪ್ಪಾದ್ದು ತಪ್ಪು ಅಂದ, ಚಲೋ ಮನಿತನದ ಹುಡುಗ" ಎಂದು ಅವನ ಕ್ವಾರ್ಟರ್ಸಿಗೆ ಹುಡುಕಿಕೊಂಡು ಹೋಗಿ ಅಂಗಳದ ನಿಂಬೆಗೆ ಕಸಿ ಕಟ್ಟಿ ಬಂದಳು. ಶಿರಹಟ್ಟಿಯ ಆ ಮನೆಯ ಯಜಮಾನಿ ತಾನೇ ಅಡರಕಟ್ಟಿಗೆ ಬಂದು ಕರೆದಾಗಲೂ ಹೋದಳು. ಚಹಾ ಮಾತ್ರ ಕುಡಿಯಲಿಲ್ಲ.

ಆಮೇಲೆ ನನಗೆ ಬೇರೆ ಬೇರೆ ಕೇಸುಗಳು ಬಂದವು. ಗೆದ್ದೆ, ಸೋತೆ, ಆದರೆ ಎದ್ದು ನಿಲ್ಲಲು ಹೆದರಲಿಲ್ಲ.

ಅತ್ತೆ ಹೋದದ್ದು ಕಳೆದ ವರ್ಷ ಚಳಿಗಾಲದಲ್ಲಿ. ನಾಲ್ಕು ದಿನ ಜ್ವರ, ಅಷ್ಟೇ. ತೀರಿಕೊಂಡ ಮೂರನೆಯ ದಿನ ನಮ್ಮನ್ನು ಮಾತಾಡಿಸಲು ನಮ್ಮ ವಕೀಲರು ಅಡರಕಟ್ಟಿಗೆ ಬಂದರು. ಅವರಿಗೀಗ ಕೋಲಿಲ್ಲದೆ ನಡೆಯಲಾಗುವುದಿಲ್ಲ. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, "ಖಟ್ಲೆ ಟೈಮಿನಾಗ ನಿಮ್ಮ ಅತ್ತಿ ನನ್ನ ಹಂತೇಕ ಬಂದಿದ್ಲು. ನಿನಗ ಖಬರ ಇಲ್ಲ" ಎಂದರು.

ಇಲ್ಲ ಎಂದೆ.

"ತಪ್ಪು ಒಪ್ಪಿಕೊಳ್ಳಾಂಗಿಲ್ಲ ಅಂದ್ಲು. ಹಂಗಾದ್ರ ನಾನ ನಡಸ್ತೀನಿ, ಹುಡುಗಿ ಕೈಲೆ ಆಗೂದಿಲ್ಲ, ಅಕಿ ಸೋತ್ರ ನಿಮ್ಮ ಹೆಸರು ಹೋಗತೈತಿ ಅಂದೆ. ಅದಕ್ಕ ಏನಂದ್ಲು ಗೊತ್ತೈತೇನು? ಹೋದ್ರ ಹೋಗ್ಲಿ ಬಿಡ್ರಿ, ನನ್ನ ಹೆಸರು ಇನ್ನೆಷ್ಟು ದಿನಕ್ಕ ಬೇಕು, ಅಕಿಗೆ ಧೈರ್ಯ ಇಡೀ ಜಲ್ಮಕ್ಕ ಬೇಕು, ಅಕಿನ ನಿಂದರಲಿ ಅಂದ್ಲು."

ಅಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ, ನಮ್ಮ ಅತ್ತೆಯನ್ನು ಉಳಿಸಿದ ವಕೀಲೆ ನಾನೇ ಎಂದು ಹೇಳಿಕೊಂಡು ತಿರುಗಿದ್ದೆ. ಎಷ್ಟೋ ಸಲ ಅವಳ ಎದುರಿಗೇ ಹೇಳಿದ್ದೆ. ಅವಳು ಹೂಂ ಎನ್ನುತ್ತಿದ್ದಳು.